ಒಂದಗುಳಿನ ಲೆಕ್ಕ

ರಾಕ್ ಬ್ಯಾಂಡೊಂದು ತನ್ನ ಎರಡನೇ ಆಲ್ಬಮ್ ತರುವ ಮುನ್ನ ಅದರಿಂದ ಒಂದೆರಡು ಹಾಡುಗಳನ್ನು ಬಿಡಿಯಾಗಿ ಹೊರಬಿಡುವುದು ವಾಡಿಕೆ. ಸಿಂಗಲ್ ಎಂದು ಕರೆಸಿಕೊಳ್ಳುವ ಈ ಹಾಡುಗಳನ್ನು ಜನ ಕೇಳುವುದು ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುವ ಹಾಗೆ. ಹಾಡು ಹಿಡಿಸಿತೋ, ಆಲ್ಬಮ್ಮಿನ ಬಗ್ಗೆ ನಿಶ್ಚಿಂತೆ. ಸಪ್ಪೆ ಎನಿಸಿತೋ, ಇವರ ಸರಕು ಮುಗಿಯಿತು ಎಂದು ಷರಾ ಬರೆದಾಯಿತು. ವೃತ್ತಿಯ ವಿಮರ್ಶಕರೂ ಇದಕ್ಕೆ ಹೊರತಲ್ಲ, ಅವರು ಅದನ್ನೇ ಇನ್ನಷ್ಟು ಉದ್ದವಾಗಿ ಬರೆಯುತ್ತಾರೆ, ಅಷ್ಟೇ. ನನ್ನ ತಕರಾರು ಈ ಅಗುಳಿನ ಲೆಕ್ಕದ ಮೇಲೆ. ಮೂರನೆಯ ಆಲ್ಬಮ್ಮಿಗೋ ಐದನೆಯದಕ್ಕೋ ಅದು ಹೇಗೋ ನಡೆದೀತು, ಎರಡನೆಯದಕ್ಕೆ ಮಾತ್ರ ನಡೆಯುವುದಿಲ್ಲ. ಎರಡನೇ ಆಲ್ಬಮ್ಮಿನ ಮುಂದೆ ಬರುವ ಹಾಡು, ಬರಲಿರುವುದರ ಮಾದರಿ ಎನ್ನುವುದಕ್ಕಿಂತ, ಆಗಿಹೋದದ್ದಕ್ಕೆ ಬ್ಯಾಂಡು ಕೊಡುವ ಉತ್ತರ. ಮೊದಲ ಆಲ್ಬಮ್ ಮಾಡಿದ ಹೆಸರು, ಆ ಹೆಸರಿನ ಜೊತೆಗೇ ಬಂದ ಜನ, ಆ ಜನ ಮತ್ತೆ ಮತ್ತೆ ಕೇಳುವ ಆ ಒಂದು ಹಾಡು, ಇಷ್ಟಕ್ಕೂ ಏನು ಹೇಳಬೇಕೆಂಬುದು ಮೊದಲು ತೀರ್ಮಾನವಾಗುವುದು ಇಲ್ಲಿಯೇ. ಹಾಗಾಗಿ ಇದನ್ನು ಕೇಳುವಾಗ ಕಿವಿ ಹಿಂದಕ್ಕೆ ತಿರುಗಿರಬೇಕು.

ಎರಡನೇ ಆಲ್ಬಮ್ಮಿನ ಕಷ್ಟಕ್ಕೆ ಎಲ್ಲರೂ ಕೊಡುವ ಕಾರಣವೊಂದಿದೆ: ಮೊದಲನೆಯದಕ್ಕೆ ಇಡೀ ಹರೆಯದ ಸಾಮಗ್ರಿ ಇರುತ್ತದೆ, ಎರಡನೆಯದಕ್ಕೆ ಎರಡು ಪ್ರವಾಸಗಳ ನಡುವಿನ ಬಿಡುವು ಮಾತ್ರ. ಇದು ನಿಜ, ಆದರೆ ಅರ್ಧ ನಿಜ. ಸಮಯವೊಂದೇ ಕೊರತೆಯಾಗಿದ್ದರೆ ಹೆಚ್ಚು ಸಮಯ ತೆಗೆದುಕೊಂಡವರೆಲ್ಲ ಪಾರಾಗಬೇಕಿತ್ತು, ಹಾಗೇನೂ ಆಗಿಲ್ಲ. ಇನ್ನರ್ಧ ಕಾರಣವೆಂದರೆ, ಮೊದಲ ಆಲ್ಬಮ್ ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಯಾರಿಗೆ ಹಾಡುತ್ತಿದ್ದೇವೆಂದು ಗೊತ್ತಿಲ್ಲದ ನಿರ್ಭೀತಿ ಅದು. ಎರಡನೆಯದನ್ನು ಬರೆಯುವಾಗ ಎದುರಿಗೆ ಜನ ಕೂತಿರುತ್ತಾರೆ, ಏನು ಬೇಕೆಂದು ಕೂಗಿ ಹೇಳುತ್ತಲೂ ಇರುತ್ತಾರೆ. ನಮ್ಮಲ್ಲಿ ಸಿನಿಮಾ ತೆರೆಗೆ ಬರುವ ಮುಂಚೆ ಅದರ ಹಾಡುಗಳು ಒಂದೊಂದಾಗಿ ಬರುವುದನ್ನು ಕಂಡವರಿಗೆ ಸಿಂಗಲ್ಲಿನ ವ್ಯವಹಾರ ಹೊಸದಲ್ಲ. ಆದರೆ ಸಿನಿಮಾ ಹಾಡಿನ ಹೊಣೆ ಸಂಗೀತ ನಿರ್ದೇಶಕ, ಸಾಹಿತಿ, ಗಾಯಕ, ನಾಯಕನಟ ಎಂದು ನಾಲ್ಕಾರು ಹೆಗಲುಗಳಿಗೆ ಹಂಚಿಹೋಗುತ್ತದೆ, ಅದಕ್ಕೆ ಆಸರೆಯಾಗಿ ಒಂದು ಕಥೆಯೂ ಇರುತ್ತದೆ. ಬ್ಯಾಂಡಿಗೆ ಅಂಥ ಮರೆ ಇಲ್ಲ. ಅದೇ ನಾಲ್ಕೈದು ಮಂದಿ, ಅವರದೇ ಹೆಸರು, ಅವರೇ ಬರೆದ ಮಾತು. ಅದರಲ್ಲೂ ಆಲ್ಟರ್ನೇಟಿವ್ ರಾಕ್ ಎಂಬ ವರ್ಗಕ್ಕೆ ಸೇರಿದವರ ಪಾಡು ಇನ್ನೂ ವಿಚಿತ್ರ. ಸಣ್ಣ ಕಂಪನಿಗಳಲ್ಲಿ, ಕಾಲೇಜು ರೇಡಿಯೊಗಳಲ್ಲಿ ಬೆಳೆದ ಈ ಸಂಗೀತಕ್ಕೆ ಜನಪ್ರಿಯತೆಯ ಬಗ್ಗೆ ಹುಟ್ಟಿನಿಂದಲೇ ಒಂದು ಸಂಶಯವಿದೆ. ಪಾಪ್ ಗಾಯಕರು ಗೆದ್ದ ಹಾಡಿನ ತಮ್ಮನನ್ನೋ ತಂಗಿಯನ್ನೋ ಮತ್ತೆ ಹಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇವರು ಹಾಗೆ ಮಾಡಿದರೆ ಮಾರಿಕೊಂಡರು ಎನ್ನುತ್ತಾರೆ, ಮಾಡದಿದ್ದರೆ ಕಂಪನಿಯವರು ಕೊಟ್ಟ ಹಣದ ಲೆಕ್ಕ ಕೇಳುತ್ತಾರೆ.

ಇದಕ್ಕೆ ರೇಡಿಯೊಹೆಡ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ಆಬಿಂಗ್ಡನ್ ಶಾಲೆಯಲ್ಲಿ ಓದಿದ ಐವರ ಬ್ಯಾಂಡು ಅದು. 1991ರ ಕೊನೆಗೆ ಇಎಂಐ ಕಂಪನಿಯ ಕೈಕೆಳಗಿದ್ದ ಪಾರ್ಲೋಫೋನ್ ಅವರನ್ನು ಕರಾರಿಗೆ ತೆಗೆದುಕೊಂಡಿತು. 1992ರ ಸೆಪ್ಟೆಂಬರಿನಲ್ಲಿ ಬಂದ ಅವರ ‘ಕ್ರೀಪ್’ ಹಾಡನ್ನು ಸ್ವದೇಶದಲ್ಲಿ ಕೇಳಿದವರೇ ಕಡಿಮೆ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 78ನೇ ಸ್ಥಾನ, ಬಿಬಿಸಿಯ ರೇಡಿಯೊ ಒನ್‌ಗಂತೂ ಅದು ತೀರ ಮಂಕು ಕವಿಸುವ ಹಾಡಾಗಿ ಕಂಡಿತು. ಆಮೇಲೆ ಅದು ಇಸ್ರೇಲಿನ ರೇಡಿಯೊದಲ್ಲಿ ಹಬ್ಬಿತು, ಅಲ್ಲಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಯಿತು, 1993ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 34ರವರೆಗೆ ಏರಿತು. ಊರೆಲ್ಲ ಸುತ್ತಿ ಬಂದ ಹಾಡನ್ನು ಅದೇ ವರ್ಷ ಬ್ರಿಟನ್ನಿನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ 7ನೇ ಸ್ಥಾನ ಸಿಕ್ಕಿತು. ತನ್ನನ್ನು ತಾನೇ ಹಳಿದುಕೊಳ್ಳುವ ಒಬ್ಬನ ಹಾಡು ಅದು. ಚರಣಗಳೆಲ್ಲ ಮೆದು, ಪಲ್ಲವಿಗೆ ಕಾಲಿಡುವ ಮುಂಚೆ ಜಾನಿ ಗ್ರೀನ್‌ವುಡ್ ಗಿಟಾರನ್ನು ಕರಕರನೆ ಎರಡು ಸಲ ಕೆರೆಯುತ್ತಾರೆ, ಆಮೇಲೆ ಎಲ್ಲವೂ ಸಿಡಿಯುತ್ತದೆ. ಹಾಡಿನ ಮೆದುತನ ಹಿಡಿಸದೆ ಅದನ್ನು ಕೆಡಿಸಲೆಂದೇ ಗ್ರೀನ್‌ವುಡ್ ಹಾಗೆ ಬಾರಿಸಿದರಂತೆ, ಜನಕ್ಕೆ ಹಿಡಿಸಿದ್ದು ಅದೇ. ಅದು ಸೇರಿದ್ದ ಮೊದಲ ಆಲ್ಬಮ್ ‘ಪಾಬ್ಲೋ ಹನಿ’ 1993ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಬೇರೇನಿತ್ತು ಎಂದು ಕೇಳಿದರೆ ಅಂದಿನ ಬಹುಪಾಲು ಕೇಳುಗರು ತಡವರಿಸುತ್ತಿದ್ದರು. ಒಂದು ಹಾಡಿನ ಬ್ಯಾಂಡು ಎಂಬ ಹಣೆಪಟ್ಟಿ ಅಂಟಿಕೊಂಡೇ ಅವರು ಎರಡನೇ ಆಲ್ಬಮ್ಮಿಗೆ ಕೂತದ್ದು.

1994ರ ಆರಂಭದಲ್ಲಿ ಲಂಡನ್ನಿನ ಆರ್‌ಎಕೆ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ನಿರ್ಮಾಪಕ ಜಾನ್ ಲೆಕಿ. ಆಬಿ ರೋಡ್ ಸ್ಟುಡಿಯೋದಲ್ಲಿ ಪಳಗಿದವರು, ದಿ ಸ್ಟೋನ್ ರೋಸಸ್ ಬ್ಯಾಂಡಿನ ಮೊದಲ ಆಲ್ಬಮ್ ಮಾಡಿಕೊಟ್ಟವರು. ಕಂಪನಿಗೆ ಆಲ್ಬಮ್ ಅದೇ ವರ್ಷದ ಅಕ್ಟೋಬರಿಗೆ ಬೇಕಿತ್ತು, ಅದಕ್ಕೂ ಮುಂಚೆ ಮುಂದಿಡಲು ಒಂದು ಸಿಂಗಲ್ ಬೇಕಿತ್ತು. ‘ಸಲ್ಕ್’, ‘ದಿ ಬೆಂಡ್ಸ್’, ‘ನೈಸ್ ಡ್ರೀಮ್’, ‘ಜಸ್ಟ್’ ಎಂಬ ನಾಲ್ಕು ಹಾಡುಗಳ ಮೇಲೆ ಎಲ್ಲರ ಕಣ್ಣು. ಇದರಲ್ಲಿ ಯಾವುದು ಸಿಂಗಲ್ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಧ್ವನಿಮುದ್ರಣಕ್ಕೆ ಕೂತರೆ ಏನಾಗಬೇಕೋ ಅದೇ ಆಯಿತು. ಪ್ರತಿ ಹಾಡನ್ನೂ ಅದರ ಅಳತೆಯಲ್ಲಿ ನೋಡದೆ ‘ಕ್ರೀಪ್’ನ ಪಕ್ಕದಲ್ಲಿ ನಿಲ್ಲಿಸಿ ನೋಡುವುದು, ನೋಡಿ ಸಾಲದೆಂದು ಮತ್ತೆ ಬಾರಿಸುವುದು. ವಾರಗಳು ಕಳೆದರೂ ಕೆಲಸ ಮುಂದೆ ಸಾಗಲಿಲ್ಲ. ಕೊನೆಗೆ ಆಲ್ಬಮ್ಮನ್ನು ಮುಂದೂಡಿ, ಬ್ಯಾಂಡನ್ನು ಪ್ರವಾಸಕ್ಕೆ ಕಳಿಸಿದರು. ಗಮನಿಸಬೇಕಾದ ಸಂಗತಿ ಒಂದೇ: ಅಷ್ಟು ಒದ್ದಾಡಿಸಿದ ಆ ನಾಲ್ಕು ಹಾಡುಗಳಲ್ಲಿ ಒಂದೂ ಆಲ್ಬಮ್ಮಿಗೆ ಮುಂಚಿನ ಸಿಂಗಲ್ ಆಗಲಿಲ್ಲ. ಅವೆಲ್ಲ ಬರಲಿದ್ದ ಆಲ್ಬಮ್ಮಿನ ಹಾಡುಗಳು, ಅದರೊಳಗೆ ಈಗಲೂ ಗಟ್ಟಿಯಾಗಿ ನಿಂತಿರುವಂಥವು. ಮಾದರಿ ಬೇಕಿದ್ದರೆ ಅವುಗಳಲ್ಲಿ ಯಾವುದಾದರೂ ಸಲ್ಲುತ್ತಿತ್ತು. ಹೊರಬಂದದ್ದು ಮಾತ್ರ ಬೇರೆ ಹಾಡು.

ಆ ಬೇರೆ ಹಾಡು ‘ಮೈ ಐರನ್ ಲಂಗ್’. 1994ರ ಮೇ ತಿಂಗಳಲ್ಲಿ ಲಂಡನ್ನಿನ ಅಸ್ಟೋರಿಯಾದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣವನ್ನೇ ಇಟ್ಟುಕೊಂಡು, ಗಾಯಕ ಥಾಮ್ ಯಾರ್ಕ್ ದನಿಯನ್ನಷ್ಟೇ ಹೊಸದಾಗಿ ಸೇರಿಸಿ ಅದನ್ನು ಸಿದ್ಧ ಮಾಡಿದರು. ಸ್ಟುಡಿಯೋದಲ್ಲಿ ಮೂಡದ ಧೈರ್ಯ ವೇದಿಕೆಯ ಮೇಲೆ ಮೂಡಿತು ಎನ್ನಬಹುದು. ಐರನ್ ಲಂಗ್ ಎಂದರೆ ಪೋಲಿಯೊ ತಗುಲಿ ಉಸಿರಾಡಲಾಗದವರನ್ನು ತಲೆಯೊಂದನ್ನು ಬಿಟ್ಟು ಮಿಕ್ಕ ಮೈಯೆಲ್ಲ ಒಳಗಿಟ್ಟು, ಗಾಳಿಯ ಒತ್ತಡವನ್ನು ಏರಿಳಿಸಿ ಉಸಿರಾಡಿಸುತ್ತಿದ್ದ ಲೋಹದ ಯಂತ್ರ. ರೋಗಿಯನ್ನು ಬದುಕಿಸುವುದೂ ಅದೇ, ಮಲಗಿದಲ್ಲಿಂದ ಅಲುಗದಂತೆ ಹಿಡಿದಿಡುವುದೂ ಅದೇ. ಯಾರ್ಕ್ ಆ ಯಂತ್ರವೆಂದದ್ದು ‘ಕ್ರೀಪ್’ ಹಾಡನ್ನು. ಮಾತಿನಲ್ಲಷ್ಟೇ ಅಲ್ಲ, ರಚನೆಯಲ್ಲೂ ಇದು ‘ಕ್ರೀಪ್’ಗೆ ಕೊಟ್ಟ ಉತ್ತರ. ಅಲ್ಲಿಯ ಹಾಗೆಯೇ ಇಲ್ಲೂ ಮೆದುವಾದ ಚರಣ, ಆಮೇಲೆ ಒಮ್ಮೆಲೇ ಗಿಟಾರುಗಳ ಗದ್ದಲ. ವ್ಯತ್ಯಾಸವೆಂದರೆ ‘ಕ್ರೀಪ್’ನ ಸಿಡಿತದಲ್ಲಿ ಕೇಳುಗನಿಗೆ ಜೊತೆಗೂಡಿ ಹಾಡಲು ಒಂದು ಪಲ್ಲವಿ ಸಿಗುತ್ತದೆ, ಇಲ್ಲಿ ಅಂಥದ್ದೇನೂ ಕೈಗೆ ಸಿಗದೆ ಬರೀ ಕಿರುಚಾಟ ಉಳಿಯುತ್ತದೆ. ಗೆದ್ದ ಹಾಡಿನ ಅಚ್ಚನ್ನೇ ತೆಗೆದುಕೊಂಡು ಅದರಿಂದ ಸುಖವನ್ನಷ್ಟೇ ಕಿತ್ತುಹಾಕಿದ್ದಾರೆ. ಇಷ್ಟಾಗಿಯೂ, ಈ ಹಾಡನ್ನು ಮುಂದಿಟ್ಟುಕೊಂಡು ಬಂದ ಕಿರು ಆಲ್ಬಮ್ಮಿನ ಎಂಟು ಹಾಡುಗಳ ಆವೃತ್ತಿಯಲ್ಲಿ ಕೊನೆಯದು ಯಾವುದು ಗೊತ್ತೇ? ಅಕೂಸ್ಟಿಕ್ ಗಿಟಾರಿನೊಂದಿಗೆ ಹಾಡಿದ ‘ಕ್ರೀಪ್’. ಬೈದ ಬಾಯಲ್ಲೇ ಹೆಸರು ಹೇಳಿ ಮಾರುವುದು ವ್ಯಾಪಾರದ ಧರ್ಮ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ದಿ ಹಾಲೀಸ್ ಬ್ಯಾಂಡ್ ಜನಪ್ರಿಯಗೊಳಿಸಿದ್ದ ‘ದಿ ಏರ್ ದಟ್ ಐ ಬ್ರೀದ್’ ಹಾಡಿನ ಛಾಯೆ ಇದೆಯೆಂಬ ಕಾರಣಕ್ಕೆ ‘ಕ್ರೀಪ್’ನ ಕರ್ತೃಗಳ ಸಾಲಿನಲ್ಲಿ ಆಲ್ಬರ್ಟ್ ಹ್ಯಾಮಂಡ್, ಮೈಕ್ ಹೇಜಲ್‌ವುಡ್ ಅವರ ಹೆಸರುಗಳೂ ಸೇರಿವೆ. ಉಸಿರಿನ ಹಾಡಿಗೆ ಋಣಿಯಾದವರು ಮುಂದೆ ಉಸಿರಾಟದ ಯಂತ್ರದ ಮೇಲೆ ಹಾಡು ಕಟ್ಟಿದ್ದು ಕಾಕತಾಳೀಯವೇ ಇದ್ದೀತು, ಆದರೆ ಸೊಗಸಾದ ಕಾಕತಾಳೀಯ.

1994ರ ಸೆಪ್ಟೆಂಬರಿನಲ್ಲಿ ಬಂದ ‘ಮೈ ಐರನ್ ಲಂಗ್’ ಬ್ರಿಟನ್ನಿನಲ್ಲಿ 24ನೇ ಸ್ಥಾನಕ್ಕೆ ನಿಂತಿತು. ಮುಂದಿನ ಸಿಂಗಲ್ 1995ರ ಫೆಬ್ರವರಿ ಕೊನೆಗೆ, ಆಲ್ಬಮ್ಮಿಗೆ ಎರಡು ವಾರ ಮುಂಚೆ: ಒಂದೇ ತಟ್ಟೆಯಲ್ಲಿ ‘ಹೈ ಅಂಡ್ ಡ್ರೈ’ ಮತ್ತು ‘ಪ್ಲಾನೆಟ್ ಟೆಲೆಕ್ಸ್’. ನನ್ನ ವಾದಕ್ಕೆ ಇದರಷ್ಟು ಅನುಕೂಲವಾದ ಸಾಕ್ಷಿಯನ್ನು ನಾನೇ ಕಟ್ಟಿದ್ದರೂ ಯಾರೂ ನಂಬುತ್ತಿರಲಿಲ್ಲ. ‘ಹೈ ಅಂಡ್ ಡ್ರೈ’ ಹೊಸ ಹಾಡೇ ಅಲ್ಲ. 1993ರಲ್ಲಿ ಧ್ವನಿಮುದ್ರಿಸಿ ಪಕ್ಕಕ್ಕೆ ಎಸೆದದ್ದನ್ನು ಮತ್ತೆ ಹುಡುಕಿ ತೆಗೆದದ್ದು. ಅಕೂಸ್ಟಿಕ್ ಗಿಟಾರಿನ ಮೇಲೆ ಹರಿಯುವ ಇಂಪಾದ ಧಾಟಿ, ಯಾರ ಬಾಯಿಗೂ ಬರುವ ಪಲ್ಲವಿ, ಅಮೆರಿಕದ ರೇಡಿಯೊಗೆ ಹೇಳಿ ಮಾಡಿಸಿದ ಹಾಗಿದೆ. ಯಾರ್ಕ್ ಆಮೇಲಿನ ವರ್ಷಗಳಲ್ಲಿ ಅದನ್ನು ಬಹಿರಂಗವಾಗಿಯೇ ಜರೆದಿದ್ದಾರೆ. ಅದರ ಜೋಡಿ ‘ಪ್ಲಾನೆಟ್ ಟೆಲೆಕ್ಸ್’ ಇದಕ್ಕೆ ಪೂರ್ತಿ ಎದುರು. ಸುತ್ತಿಸುತ್ತಿ ಬರುವ ಡ್ರಮ್ಮಿನ ಬಡಿತ, ಪ್ರತಿಧ್ವನಿಯಲ್ಲಿ ಕದಡಿಹೋದ ಪಿಯಾನೊ, ಬ್ಯಾಂಡು ಮುಂದಿನ ದಶಕದಲ್ಲಿ ಎತ್ತ ಹೋಗಲಿದೆಯೆಂಬುದರ ಮೊದಲ ಸುಳಿವು. ಒಂದು ಹಾಡು ಹಳೆಯ ಕೇಳುಗರಿಗೆ, ನಾವು ಎಲ್ಲಿಗೂ ಹೋಗಿಲ್ಲ ಎಂದು ಸಮಾಧಾನ ಹೇಳಲು. ಇನ್ನೊಂದು, ಹೊರಟೇಬಿಟ್ಟಿದ್ದೇವೆ ಎಂದು ತಿಳಿಸಲು. ಹಾಗಾದರೆ 1995ರ ಮಾರ್ಚ್ 13ರಂದು ಬ್ರಿಟನ್ನಿನಲ್ಲಿ ಹೊರಬಂದ ‘ದಿ ಬೆಂಡ್ಸ್’ ಆಲ್ಬಮ್ ಯಾವುದರ ಹಾಗಿತ್ತು? ಎರಡರ ಹಾಗೂ ಇರಲಿಲ್ಲ, ‘ಮೈ ಐರನ್ ಲಂಗ್’ನ ಹಾಗಂತೂ ಇರಲೇ ಇಲ್ಲ. ಆ ಆಲ್ಬಮ್ಮಿನ ತಿರುಳು ‘ಫೇಕ್ ಪ್ಲಾಸ್ಟಿಕ್ ಟ್ರೀಸ್’, ‘ಸ್ಟ್ರೀಟ್ ಸ್ಪಿರಿಟ್’ ಹಾಡುಗಳ ನಿಧಾನವಾದ, ತಡೆದು ಹಿಡಿದ ದುಃಖದಲ್ಲಿದೆ. ‘ಸ್ಟ್ರೀಟ್ ಸ್ಪಿರಿಟ್’ ಸಿಂಗಲ್ ಆಗಿ ಬಂದದ್ದು ಎಲ್ಲಕ್ಕಿಂತ ಕೊನೆಗೆ, 1996ರ ಜನವರಿಯಲ್ಲಿ. ಆಲ್ಬಮ್ ಬಂದು ಹತ್ತು ತಿಂಗಳಾದ ಮೇಲೂ ಅದು 5ನೇ ಸ್ಥಾನಕ್ಕೇರಿತು, ಆಲ್ಬಮ್ಮಿನಿಂದ ಬಂದ ಸಿಂಗಲ್‌ಗಳಲ್ಲೆಲ್ಲ ಬ್ರಿಟನ್ನಿನ ಪಟ್ಟಿಯಲ್ಲಿ ಮೇಲೇರಿದ್ದು ಅದೇ. ಮುಂಚಿನ ಸಿಂಗಲ್‌ಗಳನ್ನು ಹಿಸುಕಿ ನೋಡಿ ಆಲ್ಬಮ್ಮಿನ ಬಗ್ಗೆ ತೀರ್ಪು ಕೊಟ್ಟವರು ಏನನ್ನು ಹಿಸುಕಿದ್ದರೆಂದು ಕೇಳಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಸಿಂಗಲ್ ಯಾವುದೆಂದು ಆರಿಸುವುದು ಕಂಪನಿ, ಬ್ಯಾಂಡಲ್ಲ. ಮಾರಾಟ ವಿಭಾಗದವರ ಆಯ್ಕೆಯಲ್ಲಿ ಉತ್ತರ, ನಿರಾಕರಣೆ ಎಂದೆಲ್ಲ ಅರ್ಥ ಹುಡುಕುವುದು ಅತಿಬುದ್ಧಿಯಲ್ಲವೇ? ಕಂಪನಿಯ ಕೈ ಇರುವುದು ನಿಜ. ಆದರೆ ಅದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಮೊದಲ ಗೆಲುವನ್ನು ಮರೆಯಲು ಬ್ಯಾಂಡಿಗಾದರೂ ಒಂದಿಷ್ಟು ಕಾರಣಗಳಿವೆ, ಕಂಪನಿಗೆ ಅದನ್ನು ಮರೆಯುವ ಉಮೇದೇ ಇರುವುದಿಲ್ಲ. ಅವರ ಲೆಕ್ಕದ ಪುಸ್ತಕ ಶುರುವಾಗುವುದೇ ಅಲ್ಲಿಂದ. ಇದಕ್ಕೆ ನಿರ್ವಾಣ ಬ್ಯಾಂಡನ್ನು ನೋಡಬೇಕು. ಎಣಿಕೆಯಲ್ಲಿ ಅವರ ಎರಡನೇ ಆಲ್ಬಮ್ ಎಂದರೆ 1991ರ ‘ನೆವರ್‌ಮೈಂಡ್’. ಅದರ ಮುಂಚೆ ಬಂದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಯಾವ ಹಳೆಯ ಗೆಲುವಿಗೂ ಉತ್ತರಿಸುತ್ತಿರಲಿಲ್ಲ, ಮೊದಲ ಆಲ್ಬಮ್ ‘ಬ್ಲೀಚ್’ ಸಿಯಾಟಲ್‌ನ ಸಣ್ಣ ಕಂಪನಿ ಸಬ್ ಪಾಪ್‌ನಿಂದ ಬಂದು ಸಣ್ಣ ವಲಯದಲ್ಲೇ ಉಳಿದಿತ್ತು. ಹಾಗಾದರೆ ವಾದ ಬಿದ್ದಂತೆಯೇ? ಇಲ್ಲ, ಎರಡನೆಯದು ಎಂಬುದು ಬರೀ ಎಣಿಕೆಯಲ್ಲ ಎಂದಾಯಿತು. ಜನ ಕಾದು ಕೂತ ಮೇಲೆ ಬರುವ ಮೊದಲ ಆಲ್ಬಮ್ಮೇ ಎರಡನೆಯದು. ನಿರ್ವಾಣದ ಮಟ್ಟಿಗೆ ಅದು 1993ರ ‘ಇನ್ ಯೂಟೆರೊ’. ನಯಗಾರಿಕೆ ಬೇಡವೆಂದು ನಿರ್ಮಾಪಕ ಸ್ಟೀವ್ ಆಲ್ಬಿನಿಯನ್ನು ಕರೆಸಿ, ಮಿನೆಸೋಟಾದ ಸ್ಟುಡಿಯೋದಲ್ಲಿ ಒಂದೆರಡು ವಾರಗಳಲ್ಲಿ ಒರಟಾಗಿ ಮುಗಿಸಿದ ಆಲ್ಬಮ್. ಅದರ ಹಾಡುಗಳನ್ನೆಲ್ಲ ಆಲ್ಬಿನಿ ಮಿಕ್ಸ್ ಮಾಡಿದ ಮೇಲೂ ಎರಡನ್ನು ಮಾತ್ರ ಆರ್‌ಇಎಂ ಬ್ಯಾಂಡಿನ ನಿರ್ಮಾಪಕ ಸ್ಕಾಟ್ ಲಿಟ್ ಕೈಗೆ ಕೊಟ್ಟು ಹೊಸದಾಗಿ ಮಿಕ್ಸ್ ಮಾಡಿಸಿದರು. ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’. ಎರಡೂ ಸಿಂಗಲ್‌ಗಳು, ಮೊದಲನೆಯದು ಆಲ್ಬಮ್ಮಿಗೆ ಮುಂಚೆಯೇ ಬಂದದ್ದು. ಆಲ್ಬಮ್ಮಿನ ಒಳಗೆ ಬಿಟ್ಟುಕೊಡದ ಹಟವನ್ನು ಅದರ ಬಾಗಿಲಲ್ಲಿ ಬಿಟ್ಟುಕೊಟ್ಟರು. ಆ ಬಾಗಿಲಿನ ಧ್ವನಿಯನ್ನು ಕೇಳಿ ಒಳಗಿನದೂ ಹೀಗೇ ಎಂದುಕೊಂಡು ಬಂದವರಿಗೆ ಒಳಗಿನ ಗದ್ದಲ ಕಿವಿಗೆ ಬಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸರಳ, ಹಾಗಾಗಿ ಇದಕ್ಕಿಂತ ಗಟ್ಟಿ. ಎಲ್ಲ ಬ್ಯಾಂಡುಗಳೂ ಥಾಮ್ ಯಾರ್ಕ್ ಹಾಗೆ ತಮ್ಮ ಗೆಲುವಿನ ಬಗ್ಗೆ ಕೊರಗುವುದಿಲ್ಲ. ಒಯಾಸಿಸ್‌ನ ಗಲಾಹರ್ ಸೋದರರಿಗೆ ಅಂಥ ಕೊರಗು ಇತ್ತೆಂದು ಅವರ ವೈರಿಗಳೂ ಹೇಳಲಾರರು. 1994ರ ಆಗಸ್ಟಿನಲ್ಲಿ ಬಂದ ಮೊದಲ ಆಲ್ಬಮ್ ಅವರನ್ನು ಬ್ರಿಟನ್ನಿನ ಮನೆಮಾತಾಗಿಸಿತು, ಅವರು ಅದನ್ನು ಸಂತೋಷದಿಂದಲೇ ಅನುಭವಿಸಿದರು. ಎರಡನೇ ಆಲ್ಬಮ್ಮಿನ ಮುಂಚೆ 1995ರ ಏಪ್ರಿಲಿನಲ್ಲಿ ಬಂದ ‘ಸಮ್ ಮೈಟ್ ಸೇ’ ಅವರಿಗೆ ಮೊದಲ ಬಾರಿ ಅಗ್ರಸ್ಥಾನ ತಂದುಕೊಟ್ಟಿತು. ಆಗಸ್ಟಿನಲ್ಲಿ ‘ರೋಲ್ ವಿತ್ ಇಟ್’ ಬಂದದ್ದು ಬ್ಲರ್ ಬ್ಯಾಂಡಿನ ‘ಕಂಟ್ರಿ ಹೌಸ್’ ಬಿಡುಗಡೆಯಾದ ದಿನವೇ. ದೇಶಕ್ಕೆ ದೇಶವೇ ಚುನಾವಣೆಯ ಫಲಿತಾಂಶಕ್ಕೆಂಬಂತೆ ಕಾದು ಕೂತಿತ್ತು. ಬ್ಲರ್ 2,74,000 ಪ್ರತಿ, ಒಯಾಸಿಸ್ 2,16,000. ಸೋತ ಹಾಡನ್ನು ಈಗ ಕೇಳಿದರೆ ಏನು ಕೇಳಿಸುತ್ತದೆ? ಮೊದಲ ಆಲ್ಬಮ್ಮಿನ ಅದೇ ಗಿಟಾರು ಗೋಡೆ, ಅದೇ ಎಳೆತ, ಅದೇ ಠೇಂಕಾರ, ಹೊಸದೊಂದೂ ಇಲ್ಲ. ಇದೂ ಉತ್ತರವೇ. ಯಾರ್ಕ್ ಹಳೆಯ ಕೇಳುಗರಿಗೆ ಬೆನ್ನು ತೋರಿಸಿದರೆ ಇವರು ಅದೇ ಕೇಳುಗರ ಹೆಗಲ ಮೇಲೆ ಕೈ ಹಾಕಿ, ಏನೂ ಬದಲಾಗುವುದಿಲ್ಲ ಬಿಡಿ ಎಂದರು. ಬದಲಾದದ್ದೋ ಬಹಳ. ಅಕ್ಟೋಬರ್ 2ರಂದು ಹೊರಬಂದ ‘ಮಾರ್ನಿಂಗ್ ಗ್ಲೋರಿ’ ಆಲ್ಬಮ್ಮಿನಲ್ಲಿ ನಿಜಕ್ಕೂ ಹೊಸದೆನ್ನಬಹುದಾದ ಹಾಡು ‘ವಂಡರ್‌ವಾಲ್’. ಗದ್ದಲವನ್ನೆಲ್ಲ ಆಚೆಗಿಟ್ಟು ಅಕೂಸ್ಟಿಕ್ ಗಿಟಾರಿಗೂ ತಂತಿವಾದ್ಯದ ನಾದಕ್ಕೂ ಜಾಗ ಕೊಟ್ಟ ಹಾಡು. ಅದು ಸಿಂಗಲ್ ಆದದ್ದು ಆಲ್ಬಮ್ ಬಂದ ಮೇಲೆ. ‘ಡೋಂಟ್ ಲುಕ್ ಬ್ಯಾಕ್ ಇನ್ ಆಂಗರ್’ ಬಂದದ್ದು ಮರುವರ್ಷ. ಎರಡು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆ ಆಲ್ಬಮ್ಮನ್ನು ಜನ ಇಂದು ನೆನೆಯುವುದು ಈ ಎರಡು ಹಾಡುಗಳಿಂದ, ಮುಂಚೆ ಬಂದವುಗಳಿಂದಲ್ಲ. ಕೊರಗಿದವರೂ ಹಿಂದಕ್ಕೆ ನೋಡಿದರು, ಬೀಗಿದವರೂ ಹಿಂದಕ್ಕೇ ನೋಡಿದರು.

ನನ್ನ ವಾದಕ್ಕೆ ಸುಲಭವಾಗಿ ಬಗ್ಗದ ಒಂದು ಉದಾಹರಣೆಯಿದೆ, ಅದನ್ನು ಅಡಗಿಸಿಡುವುದು ನ್ಯಾಯವಲ್ಲ. ಮ್ಯಾಂಚೆಸ್ಟರಿನ ದಿ ಸ್ಟೋನ್ ರೋಸಸ್ 1989ರಲ್ಲಿ ಮೊದಲ ಆಲ್ಬಮ್ ತಂದು, ಹಳೆಯ ಕಂಪನಿಯೊಂದಿಗೆ ಕೋರ್ಟಿನಲ್ಲಿ ಹೋರಾಡಿ ಗೆದ್ದು, ಜೆಫನ್ ಕಂಪನಿಯ ದೊಡ್ಡ ಹಣ ಪಡೆದು, ಎರಡನೆಯದನ್ನು ತಂದದ್ದು 1994ರ ಡಿಸೆಂಬರಿನಲ್ಲಿ. ರೇಡಿಯೊಹೆಡ್ ಒದ್ದಾಡುತ್ತಿದ್ದ ವರ್ಷವೇ ಅದು. ಜಾನ್ ಲೆಕಿ ಮೊದಲು ಇವರೊಂದಿಗೂ ಕೂತಿದ್ದು, ಕೆಲಸ ಕೊನೆ ಕಾಣದೆಂದು ಎದ್ದುಹೋಗಿದ್ದರು. ಆಲ್ಬಮ್ಮಿಗೆ ಎರಡು ವಾರ ಮುಂಚೆ ಬಂದ ‘ಲವ್ ಸ್ಪ್ರೆಡ್ಸ್’ ಹಳೆಯ ಕೇಳುಗರನ್ನು ಓಲೈಸಲೂ ಇಲ್ಲ, ಚುಚ್ಚಲೂ ಇಲ್ಲ. ಮೊದಲ ಆಲ್ಬಮ್ಮಿನ ಮಿನುಗು, ‘ಫೂಲ್ಸ್ ಗೋಲ್ಡ್’ ಸಿಂಗಲ್ಲಿನ ಕುಣಿತ ಎರಡನ್ನೂ ಬಿಟ್ಟು, ಲೆಡ್ ಝೆಪೆಲಿನ್ ಬ್ಯಾಂಡಿನ ಕಡೆಯ ಭಾರವಾದ ಬ್ಲೂಸ್ ಗಿಟಾರನ್ನು ಮುಂದಿಟ್ಟಿತು. ಆಲ್ಬಮ್ಮೂ ಹಾಗೆಯೇ ಇತ್ತು. ಅಂದರೆ ಅಗುಳಿನ ಲೆಕ್ಕ ಇಲ್ಲಿ ಸರಿಯಾಗಿ ಕೂತಿತು. ಸರಿ, ಫಲವೇನಾಯಿತು? ಹಾಡು 2ನೇ ಸ್ಥಾನಕ್ಕೇರಿತು, ಅವರ ಯಾವ ಸಿಂಗಲ್ಲೂ ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಆಲ್ಬಮ್ ಮಾತ್ರ ನಿರಾಸೆ ತಂದಿತು, ಎರಡು ವರ್ಷಗಳಲ್ಲಿ ಬ್ಯಾಂಡೂ ಮುರಿದುಬಿತ್ತು. ಮಾದರಿ ಪ್ರಾಮಾಣಿಕವಾಗಿತ್ತು, ಕೇಳುಗರು ಅದನ್ನು ಮೆಚ್ಚಿಯೂ ಇದ್ದರು, ಆದರೂ ಆಲ್ಬಮ್ಮನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದವರು ಮೊದಲು ಆ ಮೌನಕ್ಕೆ ಉತ್ತರಿಸಬೇಕಿತ್ತು ಎಂದು ನನಗೆ ಅನಿಸುತ್ತದೆ. ಅವರು ಅದನ್ನು ಮಾಡದೆ ನೇರವಾಗಿ ಮುಂದಿನ ಮಾತಿಗೆ ಹೋದರು.

ಬೇಗ ಬಂದವರೂ ಇದ್ದಾರೆ. ಷೆಫೀಲ್ಡಿನ ಆರ್ಕ್ಟಿಕ್ ಮಂಕೀಸ್ 2006ರ ಜನವರಿಯಲ್ಲಿ ತಂದ ಮೊದಲ ಆಲ್ಬಮ್ ಒಂದೇ ವಾರದಲ್ಲಿ 3,60,000ಕ್ಕೂ ಹೆಚ್ಚು ಮಾರಾಟವಾಗಿ, ಚೊಚ್ಚಲ ಆಲ್ಬಮ್ಮುಗಳ ಮಟ್ಟಿಗೆ ಅಂದಿಗೆ ಬ್ರಿಟನ್ನಿನಲ್ಲಿ ದಾಖಲೆಯಾಗಿತ್ತು. ಹದಿನೈದೇ ತಿಂಗಳಿಗೆ ಎರಡನೆಯದು. ಅದರ ಮುಂಚಿನ ‘ಬ್ರಯನ್‌ಸ್ಟಾರ್ಮ್’ ಉಸಿರು ಬಿಡದೆ ಓಡುವ ಡ್ರಮ್ಮಿನ ಹಾಡು, ಕೂಡಿ ಹಾಡಲು ಪಲ್ಲವಿ ಎಂಬುದೇ ಅದರಲ್ಲಿಲ್ಲ. ಜನಕ್ಕೆ ಯೋಚಿಸಲು ಸಮಯ ಕೊಡದಿರುವುದೂ ಒಂದು ಬಗೆಯ ಉತ್ತರ. ಇನ್ನು ಅಮೆರಿಕದ ಎಂಜಿಎಂಟಿ ಮಾಡಿದ್ದು ಇದರ ತುದಿ. ‘ಕಿಡ್ಸ್’, ‘ಟೈಮ್ ಟು ಪ್ರಿಟೆಂಡ್’ ಹಾಡುಗಳಿಂದ ಕುಣಿತದ ಮನೆಗಳಿಗೆಲ್ಲ ಬೇಕಾಗಿದ್ದ ಇವರು 2010ರಲ್ಲಿ ‘ಕಂಗ್ರಾಜುಲೇಶನ್ಸ್’ ತರುವಾಗ ಸಿಂಗಲ್ಲೇ ಬೇಡ, ಆಲ್ಬಮ್ಮನ್ನು ಇಡಿಯಾಗಿ ಕೇಳಿ ಎಂಬ ಹಟ ಹಿಡಿದರು. ಕೊನೆಗೆ ‘ಫ್ಲ್ಯಾಶ್ ಡಿಲೀರಿಯಮ್’ ಎಂಬ, ಹಿಡಿತಕ್ಕೆ ಸಿಗದೆ ನಾಲ್ಕು ದಿಕ್ಕಿಗೆ ಓಡುವ ಹಾಡೊಂದನ್ನು ಪುಕ್ಕಟೆಯಾಗಿ ಹಂಚಿದರು. ಸಿಂಗಲ್ ಬೇಡವೆನ್ನುವುದನ್ನೂ ಒಂದು ಹಾಡಿನ ಮೂಲಕವೇ ಹೇಳಬೇಕಾಯಿತು ನೋಡಿ. ಆ ಆಲ್ಬಮ್ ನನಗೆ ಮೊದಲನೆಯದಕ್ಕಿಂತ ಹೆಚ್ಚು ಹಿಡಿಸುತ್ತದೆ, ಆದರೆ ಇದು ಬಹುಮತವಲ್ಲ ಎಂಬುದೂ ಗೊತ್ತು.

ಕೊನೆಯ ಆಕ್ಷೇಪ ಕಾಲದ್ದು. ಇದೆಲ್ಲ ತಟ್ಟೆ ಕೊಳ್ಳುತ್ತಿದ್ದ ದಿನಗಳ ಮಾತು, ಈಗ ಆಲ್ಬಮ್ ಬರುವಷ್ಟರಲ್ಲಿ ಅದರ ಮೂರು ನಾಲ್ಕು ಹಾಡುಗಳು ಸ್ಟ್ರೀಮಿಂಗಿನಲ್ಲಿ ಬಂದಾಗಿರುತ್ತವೆ, ಹಾಗಾಗಿ ಒಂದು ಸಿಂಗಲ್ಲಿನ ಮೇಲೆ ಇಷ್ಟೆಲ್ಲ ಭಾರ ಹೇರುವುದು ಹಳೆಯ ಅಭ್ಯಾಸ ಎನ್ನಬಹುದು. ಸಿಂಗಲ್‌ಗಳು ಹೆಚ್ಚಿವೆ ಎಂಬುದು ಸರಿ. ಆದರೆ ಅವು ಉತ್ತರಿಸಬೇಕಾದ ಹಳೆಯ ಹಾಡು ಈಗ ಮೊದಲಿಗಿಂತ ಹತ್ತಿರ ಬಂದು ಕೂತಿದೆ. ಅಂದು ‘ಕ್ರೀಪ್’ ಬೇಡವೆನಿಸಿದರೆ ವೇದಿಕೆಯ ಮೇಲೆ ಅದನ್ನು ಬಿಟ್ಟುಬಿಡಬಹುದಿತ್ತು, ರೇಡಿಯೊಹೆಡ್ ವರ್ಷಗಟ್ಟಲೆ ಬಿಟ್ಟೂ ಇದ್ದರು. ಇಂದು ಸ್ಪಾಟಿಫೈಯಲ್ಲಿ ಅದರ ಎಣಿಕೆ ನೂರು ಕೋಟಿಯನ್ನು ದಾಟಿ, ಬ್ಯಾಂಡಿನ ಪುಟ ತೆರೆದ ಕೂಡಲೇ ಎದುರಿಗೆ ಬರುತ್ತದೆ. ಹೊಸ ಬ್ಯಾಂಡುಗಳಿಗೂ ಇದೇ ಸ್ಥಿತಿ. ಹೊಸ ಸಿಂಗಲ್ ಹೊರಬಂದ ಗಳಿಗೆಯಿಂದಲೇ ಅದರ ಎಣಿಕೆ ಹಳೆಯದರ ಎಣಿಕೆಯ ಕೆಳಗೆ ಎಲ್ಲರಿಗೂ ಕಾಣುತ್ತದೆ. ಹೋಲಿಕೆಯನ್ನು ಈಗ ವಿಮರ್ಶಕ ಮಾಡಬೇಕಾಗಿಲ್ಲ, ಪರದೆಯೇ ಮಾಡಿ ತೋರಿಸುತ್ತದೆ.

ಐಲ್ ಆಫ್ ವೈಟ್ ದ್ವೀಪದ ವೆಟ್ ಲೆಗ್ ಇದನ್ನು ನಿಭಾಯಿಸಿದ ರೀತಿಯನ್ನು ನೋಡಿದರೆ ಸಿಂಗಲ್‌ಗಳು ಹೆಚ್ಚಾದದ್ದರಿಂದ ಏನು ಬದಲಾಯಿತೆಂದು ತಿಳಿಯುತ್ತದೆ. ರಿಯಾನ್ ಟೀಸ್‌ಡೇಲ್ ಮತ್ತು ಹೆಸ್ಟರ್ ಚೇಂಬರ್ಸ್ ಕಟ್ಟಿದ ಈ ಬ್ಯಾಂಡಿನ ‘ಶೇಜ್ ಲಾಂಗ್’ 2021ರಲ್ಲಿ ಬಂತು. ಮುಖದ ಮೇಲೆ ಗೆರೆ ಅಲುಗದೆ ಹೇಳುವ ಪೋಲಿ ಮಾತು, ಅದರ ಹಿಂದೆ ಒಂದೇ ಪಟ್ಟಾಗಿ ಬಡಿಯುವ ಗಿಟಾರು. 2022ರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು, ಮರುವರ್ಷ ಎರಡು ಗ್ರ್ಯಾಮಿಗಳೂ ಬಂದವು. ಎರಡನೇ ಆಲ್ಬಮ್ ‘ಮಾಯಿಶ್ಚರೈಸರ್’ ಬಂದದ್ದು 2025ರ ಜುಲೈಯಲ್ಲಿ. ಅದರ ಮುಂಚೆ ಏಪ್ರಿಲಿನಲ್ಲಿ ಬಂದ ‘ಕ್ಯಾಚ್ ದೀಸ್ ಫಿಸ್ಟ್ಸ್’ ಕ್ಲಬ್ಬಿನಲ್ಲಿ ಬೆನ್ನು ಬೀಳುವ ಗಂಡಸಿಗೆ ಮುಷ್ಟಿ ತೋರಿಸುವ ಹಾಡು. ಹಳೆಯ ವ್ಯಂಗ್ಯವೇ, ಆದರೆ ನಗು ಕಡಿಮೆ, ಹಲ್ಲು ಜಾಸ್ತಿ. ಮೊದಲ ಆಲ್ಬಮ್ಮನ್ನು ತಮಾಷೆಯ ಹುಡುಗಿಯರ ಚೇಷ್ಟೆ ಎಂದು ತಟ್ಟಿಹಾಕಿದವರಿಗೆ ಕೊಟ್ಟ ಉತ್ತರವೆಂದೇ ನಾನು ಅದನ್ನು ಕೇಳುತ್ತೇನೆ. ಆಮೇಲೆ ‘ಸಿಪಿಆರ್’ ಬಂತು, ಪ್ರೇಮದಲ್ಲಿ ಬಿದ್ದವಳಿಗೆ ತುರ್ತು ಚಿಕಿತ್ಸೆ ಬೇಕಾಗಿದೆ ಎಂಬ ಹಾಡು. ಅದರಲ್ಲಿ ವ್ಯಂಗ್ಯ ಇನ್ನೂ ಇದೆ, ಆದರೆ ಅದರ ಗುರಿ ಈಗ ಹಾಡುವವಳೇ. ಮೂರನೆಯದು ‘ಡೇವಿನಾ ಮಕಾಲ್’. ಅಲ್ಲಿ ಗುರಾಣಿಯೂ ಇಲ್ಲ, ಪ್ರೀತಿಸಿದವರಿಗೆ ನೇರವಾಗಿ ಹೇಳುವ ಮೆತ್ತನೆಯ ಮಾತುಗಳು. ಆಲ್ಬಮ್ ಬಂದಾಗ ಅದರ ಬಹುಪಾಲು ಇಂಥ ಪ್ರೇಮದ ಹಾಡುಗಳೇ ಆಗಿದ್ದವು. ರೇಡಿಯೊಹೆಡ್ ಒಂದೇ ತಟ್ಟೆಗೆ ತುರುಕಿದ್ದ ಹಿಂದು ಮುಂದನ್ನು ಇವರು ಮೂರು ತಿಂಗಳಿಗೆ ಹರಡಿದರು. ಏಪ್ರಿಲಿನ ಮುಷ್ಟಿಯನ್ನಷ್ಟೇ ಕೇಳಿ, ಇದು ಜಗಳದ ಆಲ್ಬಮ್ ಎಂದು ನಿರ್ಧರಿಸಿದವರು ಜುಲೈಯಲ್ಲಿ ಹೊಸದಾಗಿ ಕೇಳಲು ಕೂರಬೇಕಾಯಿತು.